ಡಿಬಿ ಬಾಕ್ಸ್ ಅಮ್ಮನ ಕೈಗೆ ಸಿಗಬೇಕು

ನಾವು ಮೊದಲಿದ್ದ ಬಾಡಿಗೆ ಮನೆಯಲ್ಲಿ ಡಿಬಿ ಬಾಕ್ಸ್, ಅಂದರೆ ಇಡೀ ಮನೆಗೆ ಕರೆಂಟ್ ಹಂಚುವ ಸ್ವಿಚ್‌ಗಳ ಪೆಟ್ಟಿಗೆ, ಇದ್ದದ್ದು ಅಡುಗೆಮನೆಯಲ್ಲಿ, ಸಜ್ಜಾದ ಪಕ್ಕ, ತಾರಸಿಯಿಂದ ಒಂದು ಗೇಣು ಕೆಳಗೆ. ಒಂದು ಮಳೆಗಾಲದ ರಾತ್ರಿ ಟ್ರಿಪ್ ಆಯಿತು. ನಾನು ಊರಲ್ಲಿರಲಿಲ್ಲ. ಅಮ್ಮ ಪ್ಲಾಸ್ಟಿಕ್ ಸ್ಟೂಲ್ ಹತ್ತಿ, ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು, ಇನ್ನೊಂದು ಕೈಯಲ್ಲಿ ಯಾವ ಸ್ವಿಚ್ ಕೆಳಗೆ ಬಿದ್ದಿದೆ ಅಂತ ತಡಕಾಡಿದರಂತೆ. ಬೆಳಿಗ್ಗೆ ಫೋನಿನಲ್ಲಿ ಕೇಳಿ ಎದೆ ಝಲ್ ಅಂದಿತು.

ಈಗ ಸ್ವಂತ ಮನೆ ಕಟ್ಟಿಸುತ್ತಿದ್ದೇವೆ. ಎಲೆಕ್ಟ್ರಿಷಿಯನ್ ಮೊದಲು ತೋರಿಸಿದ್ದು ಮುಂಬಾಗಿಲ ಹಿಂದಿನ ಗೋಡೆ. "ಅಲ್ಲಿ ಹಾಕ್ಬಿಡೋಣ ಸಾರ್, ಯಾರಿಗೂ ಕಾಣ್ಸಲ್ಲ" ಅಂದರು. ಕಾಣಿಸಬೇಕಾಗಿರೋದೇ ಅದು ಅಲ್ವಾ! ಬಾಗಿಲು ತೆಗೆದಿದ್ದರೆ ಬಾಕ್ಸ್ ಮುಚ್ಚಿಹೋಗುತ್ತದೆ, ಬಾಗಿಲು ಹಾಕಿಕೊಂಡು ಒಳಗೆ ಕೈಯಿಟ್ಟಿರುವಾಗ ಹೊರಗಿನಿಂದ ಯಾರಾದರೂ ತಳ್ಳಿಕೊಂಡು ಬಂದರೆ ಏನು ಗತಿ?

ಆಮೇಲೆ ಪ್ಯಾಸೇಜಿನ ಗೋಡೆ ನೋಡಿದೆವು. ಅದರ ಆಚೆ ಬದಿ ಬಾತ್‌ರೂಮು. 4 ಇಂಚಿನ ಬ್ಲಾಕ್ ಗೋಡೆ, ಅದರಲ್ಲೇ ನೀರಿನ ಪೈಪು. ಬಾಕ್ಸಿಗೆ ಅಂತ ಅರ್ಧಕ್ಕರ್ಧ ಕೊರೆದ ಮೇಲೆ ಉಳಿಯುವುದೇನು? ನಾಳೆ ತೇವ ಬಂದರೆ ನೇರ ಬಾಕ್ಸಿಗೇ ಬರುತ್ತದೆ. ಬೇಡ ಅಂದೆ.

ವಾಸ್ತು ನೋಡುವ ನಮ್ಮ ಮಾವ ಆಗ್ನೇಯದಲ್ಲೇ ಇರಲಿ ಅಂದರು. ನಮ್ಮಲ್ಲಿ ಆಗ್ನೇಯ ಅಂದರೆ ಅಡುಗೆಮನೆ. ಒಲೆಯ ಹಬೆ, ಒಗ್ಗರಣೆಯ ಜಿಡ್ಡು ಎಲ್ಲ ಬಾಕ್ಸಿನ ಮೇಲೆ ಕೂರುತ್ತದೆ. ಕೊನೆಗೆ ಅಡುಗೆಮನೆಯ ಹೊರಗೆ, ಡೈನಿಂಗ್ ಕಡೆಯ ಗೋಡೆ ಅಂತಾಯಿತು. ಒಣ ಜಾಗ, ಇನ್ವರ್ಟರ್ ಇಡುವ ಮೂಲೆಯೂ ಹತ್ತಿರ. ಮುಂದೆ ಮೂರು ಅಡಿ ಖಾಲಿ ಬಿಡುತ್ತೇವೆ, ಫ್ರಿಜ್ಜು, ಚಪ್ಪಲಿ ಸ್ಟ್ಯಾಂಡು ಯಾವುದೂ ಅಲ್ಲಿಗೆ ಬರಕೂಡದು.

ಮನೆ ಕಟ್ಟಿಸುವವರು ಒಂದು ಮಾತು ನೆನಪಿಡಿ. ಜಾಗ ಯಾವುದು ಅಂತ ತಾರಸಿಗೆ ಮೋಲ್ಡ್ (ಕಾಂಕ್ರೀಟು) ಹಾಕುವ ಮೊದಲೇ ತೀರ್ಮಾನ ಆಗಬೇಕು. ಎಲ್ಲ ರೂಮಿನ ವೈರಿನ ಪೈಪುಗಳೂ ಕಂಬಿಯ ನಡುವೆ ಹಾದು ಆ ಗೋಡೆಯ ಮೇಲೇ ಬಂದು ಇಳಿಯುತ್ತವೆ, ಕಾಂಕ್ರೀಟು ಬಿದ್ದ ಮೇಲೆ ಮನಸ್ಸು ಬದಲಾದರೆ ಗೋಡೆಯೆಲ್ಲ ಕೊರೆಯಬೇಕು, ವೈರೂ ಜಾಸ್ತಿ, ಖರ್ಚೂ ಜಾಸ್ತಿ.

ಎತ್ತರಕ್ಕೆ ನಾನು ಟೇಪ್ ಹಿಡಿಯಲಿಲ್ಲ. ಅಮ್ಮನನ್ನೇ ಗೋಡೆಯ ಮುಂದೆ ನಿಲ್ಲಿಸಿ, ಅವರ ಕಣ್ಣಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆಮೇಲೆ ಅಳೆದರೆ ನೆಲದಿಂದ ನಾಲ್ಕೂಮುಕ್ಕಾಲು ಅಡಿ. ಚಿಕ್ಕ ಮಕ್ಕಳಿಗೆ ಎಟುಕುವುದಿಲ್ಲ, ಅಮ್ಮನಿಗೆ ಸ್ಟೂಲ್ ಬೇಕಾಗುವುದಿಲ್ಲ.

ಕೈಗೆ ಸಿಗಬೇಕು ಅಂತ ಇಷ್ಟು ಹಠ ಹಿಡಿದದ್ದಕ್ಕೆ ಇನ್ನೊಂದು ಕಾರಣವಿದೆ. ಎಂಸಿಬಿ, ಅಂದರೆ ಬಾಕ್ಸಿನಲ್ಲಿ ಸಾಲಾಗಿರುವ ಒಂದೊಂದು ಸ್ವಿಚ್, ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುತ್ತದೆ. ಮನುಷ್ಯನಿಗೆ ಶಾಕ್ ಹೊಡೆದಾಗ ಕಾಯುವುದು 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್. ಅದರ ಮೇಲೆ 'ಟಿ' ಅಂತ ಒಂದು ಪುಟ್ಟ ಗುಂಡಿ ಇರುತ್ತದೆ, ಒತ್ತಿದರೆ ಟಕ್ ಅಂತ ಬೀಳಬೇಕು. ಬೀಳದಿದ್ದರೆ ಕೂಡಲೇ ಎಲೆಕ್ಟ್ರಿಷಿಯನ್‌ನ ಕರೆಸಬೇಕು. ಹಳೇ ಮನೆಯಲ್ಲಿ ಐದು ವರ್ಷ ಇದ್ದೆವು, ಅಷ್ಟು ಮೇಲಿದ್ದ ಆ ಗುಂಡಿಯನ್ನು ಒಬ್ಬರೂ ಒಮ್ಮೆಯೂ ಒತ್ತಿರಲಿಲ್ಲ.

ಪ್ರತಿ ಎಂಸಿಬಿಯ ಕೆಳಗೆ ಅಂಟಿಸಲು ಅಮ್ಮ ಈಗಲೇ ಚೀಟಿ ಬರೆದಿಟ್ಟಿದ್ದಾರೆ, ದಪ್ಪ ಕನ್ನಡ ಅಕ್ಷರದಲ್ಲಿ: ಹಾಲ್, ಗೀಸರ್, ಮೋಟಾರು, ದೇವರ ಮನೆ.