ಸುಣ್ಣದವರಿಗೆ ಬಾಕಿ 2,400 ರೂಪಾಯಿ

ನನಗೆ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಆಫ್‌ಸೈಡ್ ಅಂದರೆ ಏನು ಅಂತ ಮಗ ಊಟದ ತಟ್ಟೆಯಲ್ಲಿ ಹಪ್ಪಳದ ಚೂರು, ಉಪ್ಪಿನಕಾಯಿ ಹೋಳು ಜೋಡಿಸಿ ನಾಲ್ಕು ಸಲ ತೋರಿಸಿದ್ದಾನೆ. ಆ ಹೊತ್ತಿಗೆ ಅರ್ಥವಾಗುತ್ತದೆ. ತಟ್ಟೆ ತೊಳೆಯುವಷ್ಟರಲ್ಲಿ ಮರೆತಿರುತ್ತದೆ. ನನಗೆ ಬರುವುದು ಲೆಕ್ಕ. ಚಿಕ್ಕಪೇಟೆಯ ಸೀರೆ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೊದಲು ಕೆಂಪು ರಟ್ಟಿನ ಪುಸ್ತಕದಲ್ಲಿ, ಈಗ ಟ್ಯಾಲಿಯಲ್ಲಿ.

ಮಗ ಆಸ್ಟಿನ್ ಟೌನ್ ಕಡೆಯ ಒಂದು ಸಣ್ಣ ಕ್ಲಬ್‌ಗೆ ಆಡುತ್ತಾನೆ. ಜಿಲ್ಲಾ ಲೀಗ್‌ನ ಕೆಳಗಿನ ಡಿವಿಷನ್. ಕಳೆದ ವರ್ಷ ಒಂದು ಭಾನುವಾರ ಆ ಕ್ಲಬ್ಬಿನ ಸೆಕ್ರೆಟರಿ ನಮ್ಮ ಮನೆಗೆ ಬಂದು, ಒಂದು ಪ್ಲಾಸ್ಟಿಕ್ ಕವರ್ ಟೀಪಾಯಿ ಮೇಲಿಟ್ಟು, "ಅಕ್ಕ, ಇದನ್ನ ಸ್ವಲ್ಪ ನೋಡಿಕೊಡಿ" ಅಂದರು. ಕವರಿನಲ್ಲಿ ಕ್ಲಬ್ಬಿನ ಇಡೀ ಆರ್ಥಿಕ ವ್ಯವಸ್ಥೆ ಇತ್ತು. ಬೇಕರಿ ಬಿಲ್ಲಿನ ಹಿಂದೆ ಬರೆದ ಬೂಟಿನ ಲೆಕ್ಕ. ಆಟೋ ಬಾಡಿಗೆಯ ಚೀಟಿಗಳು. ಯಾರದೋ ಎಕ್ಸ್‌ರೇ ರಸೀದಿ. ಬಾಡಿಗೆ ಕರಾರಿನ ಜೆರಾಕ್ಸ್.

ಮೂರು ರಾತ್ರಿ ಕೂತು ಬಿಡಿಸಿದೆ. ಕಥೆ ಇಷ್ಟು. ಒಬ್ಬ ಬಿಲ್ಡರ್ ಸೀಸನ್ನಿಗೆ 3 ಲಕ್ಷ ಕೊಡುತ್ತೇನೆ ಅಂದಿದ್ದರು. ಬಾಯಿಮಾತು. ಮೊದಲ ಕಂತು ಅಂತ 50 ಸಾವಿರ ಕೊಟ್ಟರು, ಜೆರ್ಸಿ ಮೇಲೆ ಅವರ ಹೆಸರು ಬಂತು. ಆಮೇಲೆ ಅವರ ಫೋನು ರಿಂಗ್ ಆಗುತ್ತಿತ್ತು ಅಷ್ಟೇ. ಅಷ್ಟರಲ್ಲಿ ನಮ್ಮವರು ಹೊರಗಿನಿಂದ ಇಬ್ಬರು ಆಟಗಾರರನ್ನು ತಲಾ 45 ಸಾವಿರಕ್ಕೆ ಕರೆಸಿಯಾಗಿತ್ತು. ಅವರಿಗೆ ನೀಲಸಂದ್ರದಲ್ಲಿ ತಿಂಗಳಿಗೆ 9 ಸಾವಿರದ ರೂಮು, ಐದು ತಿಂಗಳು. ಇದಕ್ಕೆಲ್ಲ ಸೆಕ್ರೆಟರಿ 1 ಲಕ್ಷ ಕೈಸಾಲ ತಂದಿದ್ದರು, ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ಮೇಲಿನ ಡಿವಿಷನ್ನಿಗೆ ಹೋಗಿಬಿಟ್ಟರೆ ದೊಡ್ಡ ಸ್ಪಾನ್ಸರ್ ಸಿಗುತ್ತಾರೆ ಅನ್ನೋದು ಲೆಕ್ಕಾಚಾರ. ಹೋಗಲಿಲ್ಲ. ಕೊನೆಯಿಂದ ಎರಡನೇ ಸ್ಥಾನ.

ಸೀಸನ್ ಮುಗಿದಾಗ ಬಾಕಿ ಹೀಗಿತ್ತು: ಕೈಸಾಲದ ಅಸಲು 1 ಲಕ್ಷ, ಜೆರ್ಸಿ-ಬೂಟಿನ ಅಂಗಡಿಗೆ 38 ಸಾವಿರ, ಗ್ರೌಂಡ್ ಪಕ್ಕದ ಟೀ ಅಂಗಡಿಗೆ 1,840, ಮೈದಾನಕ್ಕೆ ಸುಣ್ಣದ ಗೆರೆ ಹಾಕುವವರಿಗೆ ಒಂದು ಸಲಕ್ಕೆ 300ರಂತೆ ಎಂಟು ಸಲದ್ದು 2,400.

ಕ್ಲಬ್ ಮೀಟಿಂಗಿನಲ್ಲಿ ಇದನ್ನು ಓದಿದೆ. ಜಗಳ ಯಾವುದರ ಮೇಲೆ ಆಯಿತು ಗೊತ್ತಾ? ಟೀ ಅಂಗಡಿಯ 1,840ರ ಮೇಲೆ. ಯಾರು ದಿನಾ ಎರಡು ಬನ್ ತಿಂದರು, ಯಾರು ಫ್ರೆಂಡ್ಸ್ ಕರೆದುಕೊಂಡು ಬಂದು ಕ್ಲಬ್ ಲೆಕ್ಕಕ್ಕೆ ಬರೆಸಿದರು. ಮುಕ್ಕಾಲು ಗಂಟೆ. ಕೈಸಾಲಕ್ಕೆ ಐದು ತಿಂಗಳಲ್ಲಿ ಕಟ್ಟಿದ 15 ಸಾವಿರ ಬಡ್ಡಿಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಮನೆಗೆ ಬರುತ್ತಾ ಮಗ, "ಅಮ್ಮಾ, ಲೀಡ್ಸ್ ಮೀನಿನ ಕಥೆ ಗೊತ್ತಾ?" ಅಂದ. ಗೊತ್ತಿರಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಈ ಹುಚ್ಚು. ಈಗ ಅವನು ಪಂದ್ಯ ನೋಡುವಾಗ ನಾನು ಪಕ್ಕದಲ್ಲಿ ಕೂತು ಆ ಕ್ಲಬ್ಬಿನ ಸಾಲದ ಕಥೆ ಓದುತ್ತೇನೆ.

ಲೀಡ್ಸ್ ಯುನೈಟೆಡ್ ಇಂಗ್ಲೆಂಡಿನ ದೊಡ್ಡ ಕ್ಲಬ್. 2001ರಲ್ಲಿ ಚಾಂಪಿಯನ್ಸ್ ಲೀಗ್, ಅಂದರೆ ಯೂರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿಯ ಸೆಮಿಫೈನಲ್ ಆಡಿತ್ತು. ಅಧ್ಯಕ್ಷರು ಪೀಟರ್ ರಿಡ್ಸ್‌ಡೇಲ್. ಮುಂದಿನ ವರ್ಷಗಳಲ್ಲಿ ಬರಬೇಕಾದ ಟಿಕೆಟ್ ದುಡ್ಡನ್ನೇ ತೋರಿಸಿ ಸುಮಾರು 6 ಕೋಟಿ ಪೌಂಡ್ ಸಾಲ ಎತ್ತಿದರು. ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಆಡೇ ಆಡುತ್ತೇವೆ ಅನ್ನುವ ಧೈರ್ಯದಲ್ಲಿ ಆಟಗಾರರನ್ನು ಕೊಂಡರು. ಮರುವರ್ಷ ಅರ್ಹತೆಯೇ ಸಿಗಲಿಲ್ಲ. 2002ರಲ್ಲಿ ರಿಯೋ ಫರ್ಡಿನಾಂಡ್‌ನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿದರು. ಆಮೇಲೆ ಒಬ್ಬೊಬ್ಬರನ್ನಾಗಿ ಎಲ್ಲರನ್ನೂ. 2004ರಲ್ಲಿ ಕೆಳಗಿನ ಡಿವಿಷನ್‌ಗೆ ಬಿದ್ದರು, 2007ರಲ್ಲಿ ಅದಕ್ಕೂ ಕೆಳಗೆ. ಇಷ್ಟೆಲ್ಲ ಆದ ಮೇಲೆ ಜನ ಆಡಿಕೊಂಡು ನಕ್ಕಿದ್ದು ಅಧ್ಯಕ್ಷರ ಕೋಣೆಯಲ್ಲಿದ್ದ ಬಾಡಿಗೆ ಗೋಲ್ಡ್‌ಫಿಶ್ ನೋಡಿ! ಮೀನಿಗೂ ಬಾಡಿಗೆ ಕೊಡುತ್ತಿದ್ದರಂತೆ ಅಂತ. ನನಗೆ ತಕ್ಷಣ ನಮ್ಮ ಬನ್ ನೆನಪಾಯಿತು.

ಲೀಡ್ಸ್ ಮಾಡಿದ್ದು ನಮ್ಮ ಬೀದಿಯ ಹೆಂಗಸರಿಗೆಲ್ಲ ಗೊತ್ತಿರುವ ವಿಷಯವೇ. ಚೀಟಿ. ಇಪ್ಪತ್ತು ಜನರ 1 ಲಕ್ಷದ ಚೀಟಿ ಅಂದುಕೊಳ್ಳಿ. ಎರಡನೇ ತಿಂಗಳೇ ಕೂಗಿ ಎತ್ತಿದರೆ ಕೈಗೆ ಬರುವುದು 70 ಸಾವಿರವೋ ಏನೋ. ದುಡ್ಡು ಆ ವಾರವೇ ಖರ್ಚಾಗುತ್ತದೆ, ಕಂತು ಮಾತ್ರ ಇನ್ನೂ ಒಂದೂವರೆ ವರ್ಷ ಕಟ್ಟಬೇಕು. ಮಗಳ ಮದುವೆಗೋ ಆಸ್ಪತ್ರೆಗೋ ಎತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಪಕ್ಕದ ಮನೆಯವರು ಫ್ರಿಜ್ ತಂದರು ಅಂತ ಎತ್ತಿದರೆ ಅತ್ತೆ ಬಾಯಿಗೆ ಸಿಗುತ್ತೀರಿ.

ಈ ಚೀಟಿ ಎತ್ತುವ ಚಟ ಸಣ್ಣಪುಟ್ಟ ಕ್ಲಬ್ಬಿಗೆ ಮಾತ್ರ ಅಂದುಕೊಂಡಿದ್ದೆ. ಸ್ಪೇನಿನ ದೊಡ್ಡ ಕ್ಲಬ್ ಬಾರ್ಸಿಲೋನಾ ನೋಡಿ. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲಪೋರ್ತಾ ಪತ್ರಕರ್ತರ ಮುಂದೆ ಕೂತು ಕ್ಲಬ್ಬಿನ ಸಾಲ 135 ಕೋಟಿ ಯೂರೋ ಅಂದರು. ಸಂಬಳದ ಖರ್ಚು ಆದಾಯದ 103 ಪರ್ಸೆಂಟ್ ಅಂತಲೂ ಹೇಳಿದರು. ಈ ಎರಡನೇ ಅಂಕಿ ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ನೂರು ರೂಪಾಯಿ ವ್ಯಾಪಾರವಾದರೆ ನೂರಾ ಮೂರು ರೂಪಾಯಿ ಬರೀ ಸಂಬಳ! ಕರೆಂಟ್ ಬಿಲ್ಲು, ಬಡ್ಡಿ, ಹುಲ್ಲಿಗೆ ನೀರು, ಇದೆಲ್ಲ ಆಮೇಲೆ. ನಮ್ಮ ಶೇಟು ಆಗಿದ್ದರೆ ಶಟರ್ ಎಳೆದು ಊರಿಗೆ ಹೋಗಿರುತ್ತಿದ್ದರು. ಅದೇ ತಿಂಗಳು ಮೆಸ್ಸಿ ಅಳುತ್ತಾ ಕ್ಲಬ್ ಬಿಟ್ಟ. ಮಗನೂ ಅತ್ತ. ಮರುವರ್ಷ ಕ್ಲಬ್ಬಿನವರು ಟಿವಿ ಹಕ್ಕಿನ ಆದಾಯದಲ್ಲಿ ಕಾಲು ಭಾಗವನ್ನು 25 ವರ್ಷಕ್ಕೆ ಮಾರಿ, ಬಂದ ದುಡ್ಡಿನ ಬಲದಲ್ಲಿ ಮತ್ತೆ ಆಟಗಾರರನ್ನು ತಂದರು. ಆಗ ಹುಟ್ಟಿದ ಮಗು ಡಿಗ್ರಿ ಮುಗಿಸುವವರೆಗೂ ಕಂತು ಅಂದ ಹಾಗಾಯಿತು ಅಲ್ವಾ?

ಸ್ಕಾಟ್ಲೆಂಡಿನ ರೇಂಜರ್ಸ್ ಕಥೆ ಇನ್ನೂ ಚೆನ್ನಾಗಿದೆ. ಚೆನ್ನಾಗಿದೆ ಅನ್ನಬಾರದು, ಆದರೂ ಲೆಕ್ಕದವರಿಗೆ ಚೆನ್ನಾಗಿದೆ. 2011ರಲ್ಲಿ ಕ್ರೇಗ್ ವೈಟ್ ಅನ್ನುವವರು ಆ ಕ್ಲಬ್ಬನ್ನು 1 ಪೌಂಡಿಗೆ ಕೊಂಡರು. ಬ್ಯಾಂಕಿನ ಸಾಲ ನಾನು ತೀರಿಸುತ್ತೇನೆ ಅನ್ನುವ ಮಾತಿನ ಮೇಲೆ. ತೀರಿಸಿದ್ದು ಯಾವ ದುಡ್ಡಿನಿಂದ? ಮುಂದಿನ ವರ್ಷಗಳ ಸೀಸನ್ ಟಿಕೆಟ್‌ಗಳನ್ನು ಒಂದು ಕಂಪನಿಗೆ ಮೊದಲೇ ಮಾರಿ ಬಂದ ದುಡ್ಡಿನಿಂದ. ಅಂದರೆ ಅಭಿಮಾನಿಗಳು ಇನ್ನೂ ಕೊಟ್ಟಿರದ ದುಡ್ಡಿನಿಂದಲೇ ಅವರ ಕ್ಲಬ್ಬನ್ನು ಕೊಂಡಂತಾಯಿತು. ಮರುವರ್ಷವೇ ಕ್ಲಬ್ ದಿವಾಳಿ. ನಾಲ್ಕನೇ ಡಿವಿಷನ್ನಿನಿಂದ ಮತ್ತೆ ಮೇಲೆ ಬಂದರು. ಇಂಗ್ಲೆಂಡಿನಲ್ಲಿ 1885ರಲ್ಲಿ ಶುರುವಾದ 'ಬರಿ' ಅನ್ನುವ ಕ್ಲಬ್ಬಿನಲ್ಲಿ ಸ್ಟೇಡಿಯಂ ಪಕ್ಕದ ಕಾರ್ ಪಾರ್ಕಿಂಗ್ ಜಾಗಗಳನ್ನು ಒಂದೊಂದಾಗಿ ಹೂಡಿಕೆದಾರರಿಗೆ ಮಾರಿದ್ದರು. 2019ರ ಆಗಸ್ಟ್‌ನಲ್ಲಿ ಅದನ್ನು ಲೀಗಿನಿಂದಲೇ ಹೊರಹಾಕಿದರು.

ಇವೆಲ್ಲ ಓದುತ್ತಾ ಹೋದ ಹಾಗೆ ನಾನು ಒಟ್ಟು ಸಾಲ ನೋಡುವುದನ್ನು ಬಿಟ್ಟೆ. ಪಟ್ಟಿಯ ಕೊನೆಗೆ ಯಾರಿದ್ದಾರೆ ಅಂತ ನೋಡುವುದು ಅಭ್ಯಾಸವಾಯಿತು. ಅಂಗಡಿಯಲ್ಲೂ ಅಷ್ಟೇ. ವ್ಯಾಪಾರ ಡಲ್ ಆದಾಗ ಸೂರತ್ ಮಿಲ್ಲಿನವರಿಗೆ ದುಡ್ಡು ಹೇಗೋ ಹೋಗುತ್ತದೆ, ಇಲ್ಲದಿದ್ದರೆ ಮುಂದಿನ ಮಾಲು ಬರುವುದಿಲ್ಲ. ಬ್ಯಾಂಕಿನವರಿಗೂ ಹೋಗುತ್ತದೆ. ನಿಲ್ಲುವುದು ಮೂಟೆ ಹೊರುವವರ ಕೂಲಿ, ಸೀರೆಗೆ ಕುಚ್ಚು ಕಟ್ಟುವ ಹೆಂಗಸರ ದುಡ್ಡು. "ಶನಿವಾರ ಬನ್ನಿ" ಅನ್ನುವ ಮಾತನ್ನು ನಾನೇ ಎಷ್ಟು ಸಲ ಹೇಳಿದ್ದೇನೋ.

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇತ್ತು ಅಂತ ಗೊತ್ತಾದಾಗ ಸುಮ್ನೆ ಕೂತುಬಿಟ್ಟೆ. ಕ್ಲಬ್ ಮುಳುಗಿದರೆ ಆಟಗಾರರ ಬಾಕಿ ಮತ್ತು ಬೇರೆ ಕ್ಲಬ್ಬುಗಳ ಬಾಕಿ ಪೂರ್ತಿ ಸಲ್ಲಬೇಕು. ಇಲ್ಲದಿದ್ದರೆ ಲೀಗ್‌ನಲ್ಲಿ ಜಾಗವಿಲ್ಲ. ತೆರಿಗೆಯವರು, ಊರಿನ ಅಂಗಡಿಯವರು ಉಳಿದಿದ್ದರಲ್ಲಿ ಹಂಚಿಕೊಳ್ಳಬೇಕು. ಪೋರ್ಟ್ಸ್‌ಮತ್ 2008ರಲ್ಲಿ ಎಫ್‌ಎ ಕಪ್ ಗೆದ್ದ ಕ್ಲಬ್. ಎರಡೇ ವರ್ಷಕ್ಕೆ, 2010ರ ಫೆಬ್ರವರಿಯಲ್ಲಿ, ಅಲ್ಲಿನ ಎಲ್ಲಕ್ಕಿಂತ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನಲ್ಲಿದ್ದಾಗಲೇ ದಿವಾಳಿ ಆಡಳಿತಕ್ಕೆ ಹೋದ ಮೊದಲ ಕ್ಲಬ್ ಆಯಿತು. ಒಂಬತ್ತು ಪಾಯಿಂಟ್ ಕಡಿತ, ಡಿವಿಷನ್ನೂ ಹೋಯಿತು. ಅವರಿಂದ ದುಡ್ಡು ಬರಬೇಕಾದವರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರೂ ಇದ್ದರು. ಮೈದಾನದಲ್ಲಿ ಯಾರಾದರೂ ಬಿದ್ದರೆ ಮೊದಲ ಚಿಕಿತ್ಸೆ ಕೊಡುವ ಸೇವಾ ಸಂಸ್ಥೆ ಅದು. ಲಕ್ಷಗಟ್ಟಲೆ ಪೌಂಡಿನ ಆಟಗಾರನ ಬಾಕಿ ಪೂರ್ತಿ ಸಂದಾಯ, ಅವನ ಕಾಲಿಗೆ ಪಟ್ಟಿ ಕಟ್ಟಿದವರದ್ದು ಕಾಯಬೇಕು. ತೆರಿಗೆ ಇಲಾಖೆಯವರು ಈ ನಿಯಮದ ವಿರುದ್ಧ ಕೋರ್ಟಿಗೂ ಹೋದರು, 2012ರಲ್ಲಿ ಸೋತರು.

ಎಲ್ಲರೂ ಮುಳುಗಿಯೇ ಹೋಗುತ್ತಾರೆ ಅಂತಲ್ಲ. ಪೋರ್ಟ್ಸ್‌ಮತ್ ಅನ್ನು 2013ರಲ್ಲಿ ಅಭಿಮಾನಿಗಳೇ ದುಡ್ಡು ಹಾಕಿ ಕೊಂಡರು. ಜರ್ಮನಿಯ ಡಾರ್ಟ್‌ಮುಂಡ್ ತನ್ನ ಸ್ಟೇಡಿಯಂ ಮಾರಿಕೊಂಡು, ಎದುರಾಳಿ ಬಯರ್ನ್ ಮ್ಯೂನಿಕ್ ಹತ್ತಿರ 20 ಲಕ್ಷ ಯೂರೋ ಕೈಸಾಲ ತಂದು ಒದ್ದಾಡಿತ್ತು. 2005ರ ಮಾರ್ಚಿನಲ್ಲಿ, ಆ ಸ್ಟೇಡಿಯಂ ಕೊಂಡಿದ್ದ ಹೂಡಿಕೆದಾರರು ಕ್ಲಬ್ಬನ್ನು ಉಳಿಸುವ ಯೋಜನೆಗೆ ಒಪ್ಪಿದ್ದರಿಂದ ಉಳಿಯಿತು. 2011, 2012ರಲ್ಲಿ ಲೀಗ್ ಗೆದ್ದಿತು.

ಇಲ್ಲಿಯದ್ದು ಬೇರೆ ಥರ. ನಮ್ಮಪ್ಪ ದೂರವಾಣಿನಗರದ ಟೆಲಿಫೋನ್ ಫ್ಯಾಕ್ಟರಿ ಐಟಿಐನಲ್ಲಿದ್ದರು. ಆಗ ಬೆಂಗಳೂರಿನ ಫುಟ್‌ಬಾಲ್ ಅಂದರೆ ಐಟಿಐ, ಎಚ್‌ಎಎಲ್‌ನಂಥ ಫ್ಯಾಕ್ಟರಿ ಟೀಮುಗಳು, ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು. ಆಡುವವನಿಗೆ ಕೆಲಸ, ಕ್ವಾರ್ಟರ್ಸ್, ತಿಂಗಳ ಸಂಬಳ. ಸೋತರೂ ಸಂಬಳ, ಮಂಡಿ ಹೋದರೂ ಸಂಬಳ. ಕ್ಲಬ್ಬಿಗೆ ಸಾಲವೇ ಇಲ್ಲ, ಯಾಕಂದರೆ ಕ್ಲಬ್ ಅಂತ ಬೇರೆ ಖಾತೆಯೇ ಇಲ್ಲ. ಆದರೆ ಕಂಪನಿಗೆ ಸಾಕು ಅನ್ನಿಸಿದ ದಿನ ಟೀಮೂ ಇಲ್ಲ. ಮುಂಬೈನ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಹಾಗೇ ಮುಚ್ಚಿದವು.

ಈಗಿನ ಇಂಡಿಯನ್ ಸೂಪರ್ ಲೀಗ್‌ನಲ್ಲಿ 2022ರ ಚಾಂಪಿಯನ್ ಹೈದರಾಬಾದ್ ಎಫ್‌ಸಿ. ಎರಡು ವರ್ಷ ಕಳೆಯುವಷ್ಟರಲ್ಲಿ ಸಂಬಳ ಬಾಕಿ, ಹೊಸ ಆಟಗಾರರನ್ನು ತೆಗೆದುಕೊಳ್ಳದಂತೆ ನಿಷೇಧ, ವಿದೇಶಿ ಆಟಗಾರರೆಲ್ಲ ಜಾಗ ಖಾಲಿ. ಕೊನೆಗೆ ತಂಡವೇ ದೆಹಲಿ ಪಾಲಾಯಿತು. ನಮ್ಮ ಬೆಂಗಳೂರು ಎಫ್‌ಸಿಯವರೂ 2025ರ ಆಗಸ್ಟ್‌ನಲ್ಲಿ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುತ್ತೇವೆ ಅಂದಾಗ ಮಗ ಮೊಬೈಲ್ ಹಿಡಿದು ಅಡುಗೆಮನೆಗೇ ಬಂದ. "ಅಮ್ಮಾ, ಜೆಎಸ್‌ಡಬ್ಲ್ಯು ಹತ್ತಿರ ದುಡ್ಡಿಲ್ವಾ?" ಆ ಕ್ಲಬ್ಬಿನ ಮಾಲೀಕರು ಜೆಎಸ್‌ಡಬ್ಲ್ಯು ಕಂಪನಿಯವರು. ದುಡ್ಡಿನ ಪ್ರಶ್ನೆ ಅಲ್ಲಪ್ಪ ಅಂದೆ. ಲೀಗ್ ನಡೆಸುವ ಕಂಪನಿಗೂ ಫೆಡರೇಷನ್ನಿಗೂ 2010ರಲ್ಲಿ ಆದ 15 ವರ್ಷದ ಕರಾರು ಡಿಸೆಂಬರಿಗೆ ಮುಗಿಯುತ್ತಿತ್ತು. ಹೊಸದು ಆಗಿರಲಿಲ್ಲ. ಜುಲೈನಲ್ಲೇ ಸೀಸನ್ ತಡೆಹಿಡಿದಿದ್ದರು. ಪಂದ್ಯ ಇಲ್ಲ ಅಂದರೆ ಟಿಕೆಟ್ ಇಲ್ಲ, ಟಿವಿ ಇಲ್ಲ, ಸ್ಪಾನ್ಸರ್ ಇಲ್ಲ. ಕರಾರು ಮುಗಿಯುವ ತಾರೀಕು ಹದಿನೈದು ವರ್ಷ ಮೊದಲೇ ಗೊತ್ತಿತ್ತು ಅನ್ನೋದು ಮಾತ್ರ ನನ್ನ ಹೊಟ್ಟೆ ಉರಿಸಿತು. ಬಾಡಿಗೆ ಮನೆಯವರೂ ಹನ್ನೊಂದು ತಿಂಗಳಿಗೆ ಎರಡು ತಿಂಗಳು ಇರುವಾಗಲೇ ಓನರ್ ಜೊತೆ ಮಾತಾಡುತ್ತಾರೆ. ಸಿಬ್ಬಂದಿ ಅನ್ನುವ ಪದದ ಒಳಗೆ ಯಾರ್ಯಾರು ಇರುತ್ತಾರೆ ಅಂತ ಮಗನಿಗೆ ಹೇಳಿದೆ. ಬಟ್ಟೆ ಒಗೆಯುವವರು, ಮಸಾಜ್ ಮಾಡುವವರು, ಬಸ್ಸಿನಲ್ಲಿ ಸಾಮಾನು ಎಣಿಸುವವರು.

ನಮ್ಮ ಕ್ಲಬ್ಬಿಗೆ ಬರುತ್ತೇನೆ. ಮುಂದಿನ ಸೀಸನ್ ಹೊರಗಿನವರು ಬೇಡ ಅಂತ ಹಠ ಹಿಡಿದೆ. ಜೆರ್ಸಿ ಅಂಗಡಿಯವರಿಗೆ ತಿಂಗಳಿಗಿಷ್ಟು ಅಂತ ಕಂತು ಮಾಡಿಸಿದೆ. ಕೈಸಾಲಕ್ಕೆ ಸೆಕ್ರೆಟರಿ ತಮ್ಮ ಹೆಂಡತಿಯ ಬಳೆ ಇಟ್ಟರು. ಆ ವಿಷಯ ಇಲ್ಲಿ ಬರೆಯಬಾರದೇನೋ. ಆದರೆ ಪಟ್ಟಿಯಲ್ಲಿ ಕಾಣಿಸದ, ಕ್ಲಬ್ಬಿಗೆ ಸಾಲ ಕೊಟ್ಟವರು ಇವರೇ ಅಂತ ಬರೆದೆ. ಟೀ ಮತ್ತು ಸುಣ್ಣದ್ದು ಮಾತ್ರ ಮೊದಲು ತೀರಿಸೋಣ, ಮಿಕ್ಕಿದ್ದೆಲ್ಲ ಆಮೇಲೆ ಅಂದೆ. ಹುಡುಗರು ತಲಾ 200 ಹಾಕಿದರು.

ಸುಣ್ಣದವರನ್ನು ಹುಡುಕಿಕೊಂಡು ನಾನೇ ಹೋದೆ. ಬೆಳಿಗ್ಗೆ ಆರೂವರೆ. ಬೇರೆ ಯಾವುದೋ ಮೈದಾನದಲ್ಲಿ ಪೆನಾಲ್ಟಿ ಬಾಕ್ಸ್ ಎಳೆಯುತ್ತಿದ್ದರು. ವಯಸ್ಸಾದವರು, ಕಾಲು ಮೊಣಕಾಲಿನವರೆಗೆ ಬೆಳ್ಳಗೆ. 2,400 ಕೊಟ್ಟು, ತಡವಾಯಿತು ಬೇಜಾರು ಮಾಡ್ಕೋಬೇಡಿ ಅಂದೆ. ಅವರು ಎರಡು ಸಲ ಎಣಿಸಿದರು. ಜೇಬಿನಿಂದ ಎಲ್‌ಐಸಿಯ ಪುಟ್ಟ ಡೈರಿ ತೆಗೆದು ನಮ್ಮ ಕ್ಲಬ್ಬಿನ ಹೆಸರಿಗೆ ಅಡ್ಡಗೆರೆ ಎಳೆದರು. ಅದೇ ಪುಟದಲ್ಲಿ ಇನ್ನೂ ಆರು ಕ್ಲಬ್ಬುಗಳ ಹೆಸರಿತ್ತು.

"ಮುಂದಿನ ಭಾನುವಾರ ನಿಮ್ದು ಪಂದ್ಯ ಇದೆಯಲ್ಲಮ್ಮ?" ಅಂದರು.

ಇದೆ ಅಂದೆ.

"ಹಾಗಾದ್ರೆ ಮುನ್ನೂರು ಈಗಲೇ ಕೊಟ್ಬಿಡಿ."

ಕೊಟ್ಟೆ. ಅವರ ಡೈರಿಯಿಂದಲೇ ಒಂದು ಹಾಳೆ ಹರಿದುಕೊಂಡು ವೋಚರಿಗೆ ಸಹಿ ಹಾಕಿಸಿಕೊಂಡೆ.