ಮಳೆಗಾಲದಲ್ಲಿ ಸಫೇದ ಒಣಗುವುದಿಲ್ಲ

ಮೈಸೂರು ಶೈಲಿಯ ಚಿತ್ರ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಚಿನ್ನ ಅಸಲೀನಾ?" ಹೌದು, ಅಸಲಿಯೇ. ಎರಡನೆಯ ಪ್ರಶ್ನೆ ರೇಟು. ಹಿಂದಿನ ಹಲಗೆ ಯಾವ ಮರದ್ದು ಅಂತ ಇದುವರೆಗೆ ಕೇಳಿದವರು ನಮ್ಮೂರ ಬಡಗಿ ಆಚಾರ್ರು ಒಬ್ಬರೇ. ಅವರು ಚಿತ್ರವನ್ನು ಗೋಡೆಯಿಂದ ಇಳಿಸಿ, ಮಗುಚಿ, ಬೆನ್ನು ಸವರಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. "ಹಲಸು. ಹಳೇದು. ಅಡ್ಡಿಲ್ಲ" ಅಂದರು. ಮುಂದಿದ್ದ ಲಕ್ಷ್ಮಿಯ ಕಡೆ ಕಣ್ಣು ಹಾಯಿಸಿದ್ದು ಅದಾದ ಮೇಲೆ.

ನಾನು ಕಲಿತದ್ದು ಮೈಸೂರಿನಲ್ಲಿ. ಮದುವೆಯಾಗಿ ಬಂದದ್ದು ಮಲೆನಾಡಿಗೆ, ಸಾಗರ ಪೇಟೆಯ ಹತ್ತಿರದ ಹಳ್ಳಿಗೆ. ಎರಡು ಕಡೆಗೂ ದೊಡ್ಡ ವ್ಯತ್ಯಾಸ ಅಂದರೆ ತೇವ. ಈ ಕಲೆ ಬೆಳೆದ ದಾರಿ ನೋಡಿ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಅಲ್ಲಿನ ಚಿತ್ರಗಾರರು ಬೇರೆ ಬೇರೆ ಕಡೆ ಚದುರಿದರು. ಕೆಲವರು ಶ್ರೀರಂಗಪಟ್ಟಣಕ್ಕೆ ಬಂದರು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅಂದರೆ 1799ರಿಂದ 1868ರವರೆಗೆ, ಮೈಸೂರಿನಲ್ಲಿ ಕೆಲಸಕ್ಕೆ ಒಳ್ಳೆ ಆಶ್ರಯ ಸಿಕ್ಕಿತು. ಹಂಪಿ, ಶ್ರೀರಂಗಪಟ್ಟಣ, ಮೈಸೂರು, ಮೂರೂ ಮಲೆನಾಡಿನ ಲೆಕ್ಕದಲ್ಲಿ ಒಣ ಊರುಗಳೇ. ಕಾಗದ, ಗೋಂದು, ಪುಡಿಬಣ್ಣ ನಂಬಿಕೊಂಡ ಕಲೆಗೆ ಅಂಥ ಹವೆ ಬೇಕು. ಅದನ್ನು ಪುಷ್ಯ ಮಳೆ ಹೊಡೆಯುವ ಊರಿಗೆ ತಂದರೆ ಗೋಂದಿನ ಬಾಟಲಿಯಲ್ಲೂ ಬೂಷ್ಟು ಬರುತ್ತದೆ. ಎರಡು ಹನಿ ಲವಂಗದ ಎಣ್ಣೆ ಹಾಕಿಟ್ಟರೆ ಗೋಂದು ಸ್ವಲ್ಪ ತಾಳುತ್ತದೆ. ಹಲಗೆಗೆ ಅಂಥ ಸುಲಭದ ಔಷಧಿ ಇಲ್ಲ.

ಅದಕ್ಕೇ ನನ್ನ ಕೆಲಸದ ವೇಳಾಪಟ್ಟಿ ಬರೆಯುವುದು ಮಳೆ. ಶಿವರಾತ್ರಿ ಕಳೆದ ಮೇಲೆ ಮರದ ಕೆಲಸ. ಏಪ್ರಿಲ್, ಮೇನಲ್ಲಿ ಕಾಗದ ಅಂಟಿಸಿ, ರೇಖೆ ಬರೆದು, ಸಫೇದದ, ಅಂದರೆ ಚಿನ್ನದ ಕೆಳಗೆ ಹಾಕುವ ಬಿಳಿ ಲೇಪದ, ಉಬ್ಬು ಮುಗಿಸಿಕೊಳ್ಳಬೇಕು. ಚಿನ್ನಕ್ಕೆ ಮೃಗಶಿರ ಮಳೆ. ಆರಿದ್ರೆಯಿಂದ ಮುಂದೆ ಬಣ್ಣ, ಅದೂ ಬಲ್ಬಿನ ಕೆಳಗೆ. ಚೌಕಟ್ಟು ಕಟ್ಟುವುದು ದೀಪಾವಳಿ ಆದಮೇಲೆ. ಯಾರಾದರೂ ಜುಲೈನಲ್ಲಿ ಫೋನು ಮಾಡಿ "ಗಣೇಶನ ಹಬ್ಬಕ್ಕೆ ಒಂದು ಗಣಪತಿ ಮಾಡಿಕೊಡಿ" ಅಂದರೆ ಮುಂದಿನ ವರ್ಷದ ಹಬ್ಬಕ್ಕೆ ಅಂತ ಬರೆದುಕೊಳ್ಳುತ್ತೇನೆ. ಅವರಿಗೆ ಅದು ಜಂಬದ ಮಾತು ಅನ್ನಿಸುತ್ತದೆ. ಏನು ಮಾಡುವುದು?

ಸ್ಟುಡಿಯೋ ಅಂದರೆ ಹಳೇ ಕೊಟ್ಟಿಗೆ. ದನ ಕಡಿಮೆಯಾದ ಮೇಲೆ ಮಾವ ಅಲ್ಲಿ ಅಡಿಕೆ ಚೀಲ ಇಡುತ್ತಿದ್ದರು. ಈಗ ಅರ್ಧ ಅವರದು, ಅರ್ಧ ನನ್ನದು. ನನ್ನ ಅರ್ಧದ ನಡುವೆ ಮತ್ತೆ ಒಂದು ಪ್ಲೈವುಡ್ ಗೋಡೆ. ಆಚೆ ಗರಗಸ, ಕೀಸುಳಿ, ಉಳಿ, ಕ್ಲ್ಯಾಂಪು. ಈಚೆ ಬಣ್ಣ, ಕುಂಚ, ಚಿನ್ನ. ಮರದ ಹುಡಿ ಬಿದ್ದ ಸಫೇದ ಒಣಗಿದ ಮೇಲೆ ಮುಟ್ಟಿದರೆ ತರಿತರಿ ಅನ್ನುತ್ತದೆ, ಆ ರೇಖೆಯನ್ನು ಕೆರೆದೇ ತೆಗೆಯಬೇಕು. ಅಂಗಳದ ಬಿಸಿಲಿಗೆ ಮಾತ್ರ ಜಗಳ ಇದ್ದೇ ಇದೆ. ಅಡಿಕೆ ಒಣಗಿ ಮುಗಿಯುವ ಹೊತ್ತಿಗೆ ಅತ್ತೆಯ ಹಲಸಿನ ಹಪ್ಪಳ ಶುರುವಾಗುತ್ತದೆ. ಹಲಸಿನ ಹಪ್ಪಳಕ್ಕೂ ಹಲಸಿನ ಹಲಗೆಗೂ ಒಂದೇ ಅಂಗಳ. ಗೆಲ್ಲುವುದು ಹಪ್ಪಳವೇ.

ಹಲಗೆಗೆ ಹಲಸೇ ಯಾಕೆ ಅಂದರೆ, ಹಗುರ, ಹದವಾಗಿ ಕೀಸಲು ಬರುತ್ತದೆ, ಒರಲೆ ಬೇಗ ಹತ್ತುವುದಿಲ್ಲ. ಸಾಗುವಾನಿ ಇನ್ನೂ ಒಳ್ಳೆಯದು, ದುಡ್ಡಿದ್ದರೆ. ಆದರೆ ಹೊಸದಾಗಿ ಕೊಯ್ಸಿದ ಹಲಸನ್ನು ನಾನು ಮುಟ್ಟುವುದಿಲ್ಲ. ನಮ್ಮ ಕಡೆ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟುವವರು ಜಾಸ್ತಿ. ಆಗ ಅಟ್ಟದ ಹಲಗೆ, ಬಾಗಿಲ ಹಲಗೆ ಎಲ್ಲ ಹೊರಗೆ ಬೀಳುತ್ತವೆ. ಹೊಗೆ ತಿಂದು ಕಪ್ಪಾದ ಅಟ್ಟದ ಹಲಗೆಯನ್ನು ಕೀಸುಳಿ ಹಿಡಿದು ಎರಡು ಸಲ ಎಳೆದರೆ ಒಳಗಿನ ಹಳದಿ ಬಣ್ಣ ಕಾಣುತ್ತದೆ. ಎಷ್ಟೋ ಮಳೆಗಾಲ, ಎಷ್ಟೋ ಬೇಸಿಗೆ ಕಂಡ ಮರ. ಅದರ ಒಳಗಿನ ಹಸಿ ಎಂದೋ ಹೋಗಿರುತ್ತದೆ.

ಹಲಗೆ ಆರಿಸುವಾಗ ಮೊದಲು ತುದಿ ನೋಡಬೇಕು. ಅಲ್ಲಿ ಮರದ ಉಂಗುರಗಳು ಕಾಣುತ್ತವೆ. ಅವು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಕಮಾನಿನ ಹಾಗೆ ಮಲಗಿದ್ದರೆ ಅದು ಇವತ್ತಲ್ಲ ನಾಳೆ ಬಾಗುವ ಹಲಗೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ. ಅದರಲ್ಲೂ ಉಂಗುರದ ಜಾಡು ಹಿಡಿದು ಕುಗ್ಗುವುದು, ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ಡೊಂಕಾಗುವುದು ಈ ತಾರತಮ್ಯದಿಂದಲೇ. ಅಗಲದ ಹಲಗೆ ಸಿಗದಿದ್ದರೆ ಎರಡು ಕಿರಿದಾದ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸುತ್ತೇನೆ. ಅಂಚುಗಳನ್ನು ಒಟ್ಟಿಗೆ ಹಿಡಿದು ಕೀಸಿ, ಬೆಳಕಿಗೆ ಎತ್ತಿ ನೋಡಿದಾಗ ನಡುವೆ ಗೆರೆಯಷ್ಟೂ ಬೆಳಕು ಬರಬಾರದು. ಹಿಂದಿನವರು ಚರ್ಮ ಬೇಯಿಸಿ ಮಾಡಿದ ಅಂಟು ಹಾಕುತ್ತಿದ್ದರು. ನನಗೆ ಫೆವಿಕಾಲ್ ಸಾಕು.

ಹಲಗೆಯ ಬೆನ್ನಿಗೆ ಎರಡು ಅಡ್ಡಪಟ್ಟಿ ಬೇಕು. ಅವಕ್ಕೂ ಅಂಟು ಹಾಕಿ ಬಿಗಿ ಮಾಡಿಬಿಟ್ಟರೆ ಒಳ್ಳೆಯದಲ್ವಾ ಅಂತ ಆಚಾರ್ರನ್ನು ಕೇಳಿದ್ದೆ. ಅವರು ಬೀಡಿ ಕೆಳಗಿಟ್ಟು ಹೇಳಿದರು: "ಅಮ್ಮಾ, ಅದು ಕುಗ್ಗೋದು ಕುಗ್ಗೇ ಕುಗ್ಗುತ್ತೆ. ನೀವು ಜಾಗ ಕೊಡ್ಲಿಲ್ಲ ಅಂದ್ರೆ ಸೀಳ್ಕೊಂಡು ಕುಗ್ಗುತ್ತೆ." ಹಾಗಾಗಿ ಪಟ್ಟಿಗೆ ಅಂಟಿಲ್ಲ, ಸ್ಕ್ರೂ ಮಾತ್ರ. ನಡುವಿನ ಸ್ಕ್ರೂ ಬಿಗಿ. ಎರಡು ಬದಿಯವಕ್ಕೆ ಪಟ್ಟಿಯಲ್ಲಿ ಉದ್ದನೆಯ ತೂತು. ಬೇಸಿಗೆಯಲ್ಲಿ ಹಲಗೆ ಒಳಕ್ಕೆ ಸರಿದರೂ, ಮಳೆಗಾಲದಲ್ಲಿ ಹೊರಕ್ಕೆ ಸರಿದರೂ ಸ್ಕ್ರೂ ಅದರ ಜೊತೆಗೇ ಜಾರುತ್ತದೆ. ಚಿತ್ರದ ಮೇಲೆ ಬಿರುಕು ಬರುವುದಿಲ್ಲ.

ಕಾಗದ ಅಂಟಿಸಲು ಮೈದಾ ಅಂಟು, ಅದರಲ್ಲಿ ಚಿಟಿಕೆ ಮೈಲುತುತ್ತ. ಹುಳು ಹಿಡಿಯಬಾರದು ಅಂತ. ಅಡಿಕೆ ಬೆಳೆಯುವವರ ಮನೆಯಲ್ಲಿ ಮೈಲುತುತ್ತಕ್ಕೆ ಬರವೇ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಅದೇ ಚೀಲದಿಂದ ನನ್ನ ಚಿಟಿಕೆ. ವಿಷ ಅದು, ಅಂಟು ಕಾಸಿದ ಪಾತ್ರೆ ಅಡಿಗೆಮನೆಗೆ ಮತ್ತೆ ಹೋಗಬಾರದು. ಇನ್ನೊಂದು ವಿಷಯ. ಕಾಗದ ಮುಂದೆ ಮಾತ್ರ ಅಂಟಿಸಿದರೆ ಸಾಲದು, ಬೆನ್ನಿಗೂ ಒಂದು ಹಾಳೆ ಬೇಕು. ಒಂದೇ ಮುಖ ಮುಚ್ಚಿದ ಹಲಗೆ ಇನ್ನೊಂದು ಮುಖದಿಂದ ತೇವ ಕುಡಿಯುತ್ತದೆ, ಬಿಡುತ್ತದೆ, ಕೊನೆಗೆ ಬಾಗುತ್ತದೆ. ಹಳೆಯ ಹಲಗೆ ಚಿತ್ರಗಳು ಎಷ್ಟೋ ಸಲ ಮುಂದಕ್ಕೆ ಉಬ್ಬಿಕೊಂಡಿರುವುದು ಇದರಿಂದಲೇ. ಅಂಟಿಸಿ ಒಣಗಿದ ಹಾಳೆಯನ್ನು ವರದಾ ಹೊಳೆಯ ನುಣುಪು ಕಲ್ಲಿನಿಂದ ಉಜ್ಜುತ್ತಾ ಕೂರುತ್ತೇನೆ. ಕುಂಚ ತಡೆಯಿಲ್ಲದೆ ಓಡಬೇಕು, ಅಲ್ಲಿಯವರೆಗೆ.

ರೇಖೆಗೆ ಹುಣಿಸೆ ಕಡ್ಡಿಯ ಇದ್ದಿಲು. ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಡುವುದು ಹಳೆಯ ಕ್ರಮ. ನಮ್ಮ ಬಚ್ಚಲ ಒಲೆ ಇನ್ನೂ ಉರಿಯುವುದರಿಂದ ನನಗೆ ಅದು ಕಷ್ಟವಲ್ಲ.

ಇನ್ನು ಸಫೇದ. ಆಭರಣ, ಕಿರೀಟ, ಸಿಂಹಾಸನ, ಪ್ರಭಾವಳಿ, ಎಲ್ಲೆಲ್ಲಿ ಚಿನ್ನ ಬರಬೇಕೋ ಅಲ್ಲೆಲ್ಲ ಮೊದಲು ಉಬ್ಬು ಮಾಡಿಕೊಳ್ಳಬೇಕು. ಹಿಂದೆ ಸೀಸದ ಬಿಳಿಪುಡಿ, ಮಕ್ಕಿ, ಗೋಂದು ಸೇರಿಸಿ ಅರೆಯುತ್ತಿದ್ದರು. ಮಕ್ಕಿ ಅಂದರೆ ಒಂದು ಮರದ ಹಳದಿ ಅಂಟು. ನಮ್ಮ ಉಪ್ಪಾಗೆ, ಮುರುಗಲಿನ ಬಳಗದ್ದೇ ಮರ. ಸೀಸ ವಿಷ, ಹಾಗಾಗಿ ಈಗ ಅದರ ಜಾಗದಲ್ಲಿ ಝಿಂಕ್ ಆಕ್ಸೈಡ್. ದೋಸೆ ಹಿಟ್ಟಿಗಿಂತ ತೆಳು, ನೀರುಮಜ್ಜಿಗೆಗಿಂತ ಮಂದ, ಆ ಹದ. ತೆಳು ಕುಂಚದಲ್ಲಿ ಎತ್ತಿ ಗೆರೆ ಎಳೆದರೆ ಗೆರೆ ಹರಡಬಾರದು, ತುಂಡಾಗಲೂಬಾರದು. ಒಂದೇ ಸಲಕ್ಕೆ ದಪ್ಪ ಹಾಕಿದರೆ ಒಣಗುವಾಗ ಬಿರಿಯುತ್ತದೆ. ತೆಳುವಾಗಿ ಒಂದು, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮೇ ತಿಂಗಳಲ್ಲಿ ಒಂದು ಪದರ ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತದೆ. ಜುಲೈನಲ್ಲಿ ಮರುದಿನ ಬೆಳಿಗ್ಗೆ ಮುಟ್ಟಿದರೂ ಬೆರಳಿಗೆ ಹತ್ತುತ್ತದೆ. ಹೇರ್ ಡ್ರೈಯರ್ ಹಿಡಿದರೆ ಮೇಲಷ್ಟೇ ಒಣಗಿ ಒಳಗೆ ಹಸಿ ಉಳಿಯುತ್ತದೆ.

ತಂಜಾವೂರು ಚಿತ್ರಕ್ಕೂ ನಮ್ಮದಕ್ಕೂ ಏನು ವ್ಯತ್ಯಾಸ ಅಂತ ಕೇಳುವವರಿಗೆ ನಾನು ಈ ಉಬ್ಬನ್ನೇ ತೋರಿಸುತ್ತೇನೆ. ಅವರದು ದಪ್ಪ, ಮೇಲೆ ಹರಳು. ನಮ್ಮದು ಬೆರಳಿಗೆ ಸಿಕ್ಕೂ ಸಿಗದಷ್ಟು ತೆಳು, ಹರಳಿಲ್ಲ. ದೂರದಿಂದ ಅವರದೇ ಎದ್ದು ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗ ಹಳೆಯ ಚಿತ್ರಗಳ ಮುಂದೆ ಓರೆಯಾಗಿ ನಿಂತು ನೋಡಿ. ಒಂದು ಸರದ ಮಣಿಮಣಿಯೂ ಬಿಡಿಯಾಗಿ ಕಾಣುತ್ತದೆ. ಆ ಕೈಗೆ ಏನು ಹೇಳುವುದು! ಈಗ ಪೇಟೆಯಲ್ಲಿ ಮೈಸೂರು ಚಿತ್ರ ಅಂತಲೇ ಮಾರುವ ಕೆಲವು, ಉಬ್ಬನ್ನು ಕೇಕಿನ ಕ್ರೀಮಿನ ಲೆಕ್ಕದಲ್ಲಿ ಹಾಕಿರುತ್ತಾರೆ. ನನಗೆ ಸಿಟ್ಟು ಬರುತ್ತದೆ.

ಚಿನ್ನಕ್ಕೆ ಮಳೆ ಬೇಕು ಅಂದೆನಲ್ಲ. ಗೋಂದು ಹಚ್ಚಿ, ಅದು ಅರೆ ಒಣಗಿ ಅಂಟಂಟಾಗಿರುವ ಹೊತ್ತಿಗೆ ಹಾಳೆ ಇಡಬೇಕು. ಬೇಸಿಗೆಯಲ್ಲಿ ಆ ಹದ ಬಂದದ್ದೇ ಗೊತ್ತಾಗುವುದಿಲ್ಲ, ಹಾಳೆ ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಹವೆಯಲ್ಲಿ ತೇವ ಇರುವುದರಿಂದ ಗೋಂದು ಕಾಯುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿ ಕೂರಬೇಕು. ಪುಟ್ಟ ಪುಸ್ತಕದ ಹಾಗೆ ಕಟ್ಟಿ ಮಾರುವ ಚಿನ್ನದ ಹಾಳೆ ಎಷ್ಟು ತೆಳು ಅಂದರೆ ಸುಮಾರು 10,000 ಹಾಳೆ ಪೇರಿಸಿದರೆ 1 ಮಿಲಿಮೀಟರ್. ಉಸಿರಿಗೆ ಹಾರಿಹೋಗುತ್ತದೆ. ಹಚ್ಚಿ ಒಣಗಿದ ಮೇಲೆ ತೆಳು ಕಾಗದ ಮುಚ್ಚಿ ನುಣುಪು ಕಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಹೊಳಪು ಏಳುತ್ತದೆ. ಅಗ್ಗಕ್ಕೆ ಸಿಗುವ ಹಿತ್ತಾಳೆಯ ಹಾಳೆ ಮೊದಲ ದಿನ ಚಿನ್ನಕ್ಕಿಂತ ಜಾಸ್ತಿ ಹೊಳೆಯುತ್ತದೆ. ನಮ್ಮ ಹವೆಯಲ್ಲಿ ಅದರ ಅಂಚು ಬಲುಬೇಗ ಕಪ್ಪಗಾಗುತ್ತದೆ, ಆಮೇಲೆ ಹಸಿರು. ದೇವರ ಕೊರಳಿಗೆ ಕಿಲುಬು ಹಿಡಿದರೆ ಚೆನ್ನಾಗಿರುತ್ತಾ?

ಈ ಸಲ ನನ್ನದಲ್ಲದ ಒಂದು ಕೆಲಸವೂ ಕೊಟ್ಟಿಗೆಗೆ ಬಂತು. ಪಕ್ಕದೂರಿನ ಅಕ್ಕ ಒಬ್ಬರು ಹಸೆ ಚಿತ್ತಾರ ಬರೆಯುತ್ತಾರೆ. ದೀವರ ಸಮುದಾಯದವರ ಮನೆಗಳ ಗೋಡೆಯ ಮೇಲೆ ಬರೆಯುವ ಕಲೆ ಅದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಸ್ಕೇಲು ಇಲ್ಲದೆ ಎಳೆಯುವ ಆ ಸಮಾನಾಂತರ ಗೆರೆಗಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಈಗ ಪೇಟೆಯವರು ಗೋಡೆಯನ್ನು ಕೊಂಡುಹೋಗಲು ಆಗುವುದಿಲ್ಲವಲ್ಲ, ಹಲಗೆ ಮೇಲೆ ಕೇಳುತ್ತಾರೆ. "ಪ್ಲೈವುಡ್ ಮೇಲೆ ಮಣ್ಣು ನಿಲ್ಲೋದೇ ಇಲ್ಲ ಕಣೇ, ಹೊಪ್ಪಳೆ ಎದ್ದು ಬರುತ್ತೆ" ಅಂದರು. ನುಣ್ಣಗಿನ ಮೈಗೆ ಮಣ್ಣು ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಪ್ಲೈವುಡ್ಡಿನ ಮೈಯನ್ನು ಒರಟು ಸ್ಯಾಂಡ್ ಪೇಪರಿನಿಂದ ಗೀರಿ, ಹಳೇ ಹತ್ತಿ ಪಂಚೆ ಅಂಟಿಸಿ, ಮಣ್ಣಿಗೆ ಸ್ವಲ್ಪ ಗೋಂದು ಸೇರಿಸಿ, ನೀರುನೀರಾಗಿ ಎರಡು ಮೂರು ಸಲ ಬಳಿದೆವು. ನಿಂತಿದೆ. ಗೋಡೆಯ ಮೇಲೆ ಬರೆದಷ್ಟು ಖುಷಿ ಇದರಲ್ಲಿ ಇಲ್ಲ ಅಂತ ಅಕ್ಕ ಹೇಳುತ್ತಾರೆ. ನಿಜವೇ ಇರಬೇಕು. ಆದರೆ ಕೆಮ್ಮಣ್ಣಿನ ಗೋಡೆ ಈಗ ಯಾರ ಮನೆಯಲ್ಲಿ ಉಳಿದಿದೆ?

ಚೌಕಟ್ಟಿನ ಬಗ್ಗೆ ಚುಟುಕಾಗಿ. ಗಾಜು ಚಿತ್ರಕ್ಕೆ ತಾಗಬಾರದು, ತಾಗಿದಲ್ಲಿ ಬೆವರು ಕಟ್ಟುತ್ತದೆ. ನಾಲ್ಕೈದು ಮಿಲಿಮೀಟರಿನ ತೆಳು ಪಟ್ಟಿ ನಡುವೆ ಕೂರಿಸಿ. ಚೌಕಟ್ಟಿನ ಕಚ್ಚಿನಲ್ಲಿ ಹಲಗೆಯ ಸುತ್ತ ಸ್ವಲ್ಪ ಜಾಗ ಬಿಡಿ. ಬೆನ್ನಿನ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿದರೆ ಚಿತ್ರ ಗೋಡೆಯಿಂದ ದೂರ ನಿಲ್ಲುತ್ತದೆ, ಹಿಂದೆ ಗಾಳಿ ಆಡುತ್ತದೆ. ಜಂಬಿಟ್ಟಿಗೆ ಗೋಡೆಯವರಂತೂ ಇದನ್ನು ಮರೆಯಲೇಬಾರದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಚಿತ್ರ ಇಳಿಸಿ ಹಿಂದೆ ಒರಲೆ ಬಂದಿದೆಯಾ ನೋಡಿ. ನನ್ನಿಂದ ಚಿತ್ರ ಕೊಂಡವರಿಗೆಲ್ಲ ಇದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.

ಅಂದಹಾಗೆ, ಸಾಗರ, ಸೊರಬ, ಹೊಸನಗರದ ಕಡೆ ಯಾರಾದರೂ ಹಳೇ ಮನೆ ಕೆಡವುತ್ತಿದ್ದರೆ, ಅಟ್ಟದ ಹಲಸಿನ ಹಲಗೆ ಮಾರುವುದಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಮುಕ್ಕಾಲು ಇಂಚು ದಪ್ಪ ಇದ್ದರೆ ಸಾಕು. ಮೊಳೆ ಇದ್ದರೂ ಪರವಾಗಿಲ್ಲ, ಕಿತ್ತುಕೊಳ್ಳುತ್ತೇನೆ. ಆಯಿಲ್ ಪೇಂಟ್ ಹೊಡೆದದ್ದು ಮಾತ್ರ ಬೇಡ.