ಲಿಥಿಯಂ ಬಾಟಲಿಯೊಳಗೆ ಪೊಟ್ಯಾಸಿಯಂ

ಎಂ.ಎಸ್ಸಿ. ಎರಡನೇ ವರ್ಷದ ಪ್ರಾಜೆಕ್ಟಿಗೆ ಮೇಡಂ ನನಗೆ ಕೊಟ್ಟದ್ದು 22 ಅಕ್ಷರದ ಒಂದು ಡಿಎನ್ಎ ಎಳೆ. ಎಜಿಜಿಜಿ ಎಂದು ಶುರುವಾಗಿ, ಆಮೇಲೆ ಟಿಟಿಎಜಿಜಿಜಿ ಮೂರು ಸಲ. ನಮ್ಮ ಕ್ರೋಮೋಸೋಮುಗಳ ತುದಿಯಲ್ಲಿರುವ ಟೆಲೋಮಿಯರಿನಲ್ಲಿ ಇದೇ ಆರು ಅಕ್ಷರ ಮತ್ತೆ ಮತ್ತೆ ಬರುತ್ತವೆ. ಕಟ್ಟಕಡೆಗೆ ಜೋಡಿಯಿಲ್ಲದ ಒಂಟಿ ಎಳೆ ಚಾಚಿಕೊಂಡಿರುತ್ತದೆ. ಬೆರಳುದ್ದದ ಟ್ಯೂಬಿನ ತಳದಲ್ಲಿ ಕಂಡೂ ಕಾಣದ ಹಾಗೆ ಒಣಗಿ ಕೂತಿದ್ದ ಅದನ್ನು ನೋಡಿ, ಇದರಲ್ಲಿ ಆರು ತಿಂಗಳ ಕೆಲಸ ಏನಿದೆ ಅನ್ನಿಸಿತ್ತು. ಅದು 2004ನೇ ಇಸವಿ.

ಎರಡೆಳೆಯ ಏಣಿ ನಮಗೆಲ್ಲ ಪಿಯುಸಿಯಿಂದಲೇ ಗೊತ್ತಿತ್ತು. ಆದರೆ ನನ್ನ ಒಂಟಿ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ನಾಲ್ಕೆಳೆಯ ರಚನೆಯಾಗುತ್ತದೆ. ಅದನ್ನು ಮೇಡಂ ಹೇಳಿಕೊಟ್ಟದ್ದು ಹಳೆಯ ಲಗ್ನಪತ್ರಿಕೆಗಳಿಂದ. ಅವುಗಳನ್ನು ಚೌಕವಾಗಿ ಕತ್ತರಿಸಿ, ಪ್ರತಿ ಚೌಕದ ನಾಲ್ಕು ಮೂಲೆಗೂ ಒಂದೊಂದು ಗ್ವಾನಿನ್, ಅಂದರೆ ಡಿಎನ್ಎಯ ‘ಜಿ’ ಅಕ್ಷರ, ಬರೆದಿದ್ದರು. ಒಂದರ ಕೈಯನ್ನು ಇನ್ನೊಂದು ಹಿಡಿದು ಸುತ್ತುಗಟ್ಟಿದಂತೆ ಎಂಟು ಹೈಡ್ರೋಜನ್ ಬಂಧ. ಗೆಲರ್ಟ್, ಲಿಪ್ಸೆಟ್, ಡೇವೀಸ್ 1962ರಲ್ಲಿ ಗ್ವಾನಿಲಿಕ್ ಆಮ್ಲದ ಲೋಳೆಯಲ್ಲಿ ಗುರುತಿಸಿದ ಜೋಡಣೆ ಇದೇ. ಚೌಕಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಒಂದು ಒಣ ಬಟಾಣಿ ಇಟ್ಟರು. ಅದು ಪೊಟ್ಯಾಸಿಯಂ. ಮೇಲಿನ ನಾಲ್ಕು, ಕೆಳಗಿನ ನಾಲ್ಕು, ಒಟ್ಟು ಎಂಟು ಆಮ್ಲಜನಕಗಳು ಅದನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಬಟಾಣಿ ತೆಗೆದು ಹೆಸರುಕಾಳು ಇಟ್ಟರು. ಅದು ಸೋಡಿಯಂ, ಚೌಕದ ಮಟ್ಟದಲ್ಲೇ ತೂರಿಕೊಳ್ಳುವಷ್ಟು ಚಿಕ್ಕದು.

“ಹಾಗಾದರೆ ಸೋಡಿಯಮ್ಮೇ ಚೆನ್ನಾಗಿ ಕೂರಬೇಕಲ್ವಾ ಮೇಡಂ?” ಎಂದು ಕೇಳಿದೆ.

“ಕೂರೋದಕ್ಕೆ ಮುಂಚೆ ಮೈಮೇಲಿನ ನೀರು ಬಿಡಬೇಕಲ್ಲಪ್ಪಾ” ಅಂದರು. ಚಿಕ್ಕ ಅಯಾನು ತನ್ನ ಸುತ್ತಲಿನ ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ, ಅದನ್ನು ಕಳಚಲು ಶಕ್ತಿ ಖರ್ಚಾಗುತ್ತದೆ. ಪೊಟ್ಯಾಸಿಯಂ ಸುಲಭವಾಗಿ ಕಳಚಿ ಒಳಗೆ ಬರುತ್ತದೆ, ಅದಕ್ಕೇ ಅದು ಗೆಲ್ಲುತ್ತದೆ. ಲಿಥಿಯಮ್ಮಿನಿಂದ ಈ ಮಡಿಕೆಗೆ ಹೇಳಿಕೊಳ್ಳುವ ಆಸರೆ ಸಿಗುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಉಪನ್ಯಾಸ ಕೇಳಿದ್ದೇನೆ, ಈ ವಿಷಯವನ್ನು ಇಷ್ಟು ತಿಳಿಯಾಗಿ ಹೇಳಿದವರು ಬೇರೆ ಯಾರೂ ಸಿಕ್ಕಿಲ್ಲ.

ಕೆಲಸ ಹೀಗಿತ್ತು. ಎಳೆಯನ್ನು ಬಫರಿನಲ್ಲಿ, ಅಂದರೆ ಪಿಎಚ್ ಕದಲದಂತೆ ಕಾಯುವ ದ್ರಾವಣದಲ್ಲಿ, ಕರಗಿಸಿ 95 ಡಿಗ್ರಿಗೆ ಕಾಯಿಸಿ, ರಾತ್ರಿಯಿಡೀ ವಾಟರ್ ಬಾತಿನಲ್ಲೇ ತಣಿಯಲು ಬಿಡುವುದು. ಬೆಳಿಗ್ಗೆ ಬೆಳಕಿನ ಹೀರಿಕೆ ಅಳೆಯುವ ಪುಟ್ಟ ಕ್ವಾರ್ಟ್ಜ್ ಪಾತ್ರೆಗೆ, ಅಂದರೆ ಕ್ಯುವೆಟ್‌ಗೆ ಹಾಕಿ, ಆವಿಯಾಗದಂತೆ ಮೇಲೊಂದು ಪದರ ಪ್ಯಾರಾಫಿನ್ ಎಣ್ಣೆ. ನಿಮಿಷಕ್ಕೆ ಅರ್ಧ ಡಿಗ್ರಿಯಂತೆ 20ರಿಂದ 90ರವರೆಗೆ ಏರಿಸುವುದು, ಅಂದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಇಳಿಸಲು ಮತ್ತಷ್ಟೇ. ಎರಡೆಳೆಯ ಡಿಎನ್ಎ ಬಿಚ್ಚಿಕೊಂಡಾಗ 260 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಏರುತ್ತದೆ. ನಾಲ್ಕೆಳೆಯದು ತಿರುವುಮುರುವು: 295ರಲ್ಲಿ ನೋಡಿದರೆ ಬಿಚ್ಚಿಕೊಂಡಂತೆಲ್ಲ ಹೀರಿಕೆ ಇಳಿಯುತ್ತದೆ. ಪೊಟ್ಯಾಸಿಯಂ ಧಾರಾಳವಾಗಿದ್ದಾಗ ನನ್ನ ಎಳೆ 60 ಡಿಗ್ರಿ ದಾಟಿದ ಮೇಲೆಯೇ ಅರ್ಧಕ್ಕರ್ಧ ಬಿಚ್ಚಿಕೊಳ್ಳುತ್ತಿತ್ತು. ಸೋಡಿಯಮ್ಮಿನಲ್ಲಿ ಅದಕ್ಕೂ ಮೊದಲೇ.

ಆಕಾರವೂ ಒಂದೇ ಅಲ್ಲ. ಇದೇ 22 ಅಕ್ಷರಕ್ಕೆ 1993ರಲ್ಲಿ ವಾಂಗ್ ಮತ್ತು ಪಟೇಲ್ ಸೋಡಿಯಂ ದ್ರಾವಣದಲ್ಲಿ ಕಂಡದ್ದು ಎಳೆಗಳು ಎದುರುಬದುರಾಗಿ ಸಾಗುವ ಬುಟ್ಟಿಯಂಥ ಮಡಿಕೆ. 2002ರಲ್ಲಿ ಪಾರ್ಕಿನ್‌ಸನ್, ಲೀ, ನೀಡಲ್ ಪೊಟ್ಯಾಸಿಯಂ ಹರಳಿನಲ್ಲಿ ಕಂಡದ್ದು ನಾಲ್ಕೂ ಒಂದೇ ದಿಕ್ಕಿಗೆ ಸಾಗುವ, ಕುಣಿಕೆಗಳು ಪಕ್ಕಕ್ಕೆ ಚಾಚಿದ ಫ್ಯಾನಿನಂಥ ಆಕಾರ. ಎರಡೂ ಪ್ರಬಂಧಗಳ ಜೆರಾಕ್ಸ್ ಅಕ್ಕಪಕ್ಕ ಇಟ್ಟುಕೊಂಡು ನೋಡಿದ್ದೇ ನೋಡಿದ್ದು. ಅವುಗಳ ಜೊತೆಗೆ ಮೇಡಂ ಇನ್ನೊಂದನ್ನೂ ಕೊಟ್ಟಿದ್ದರು: ಯೀಸ್ಟಿನ ಹಾಪ್1 ಪ್ರೋಟೀನು ಇಂಥ ರಚನೆಗೆ ಅಂಟಿಕೊಳ್ಳುವುದಲ್ಲದೆ ಅದು ಕಟ್ಟಿಕೊಳ್ಳಲೂ ನೆರವಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಮುನಿಯಪ್ಪ ಮತ್ತು ಜೊತೆಗಾರರು 2000ದಲ್ಲಿ ತೋರಿಸಿದ್ದ ಪ್ರಬಂಧ. ನಮ್ಮ ಪಕ್ಕದಲ್ಲೇ ಇಂಥ ಕೆಲಸ ನಡೆಯುತ್ತಿದೆ ಎಂದು ತಿಳಿದ ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಎಡವಿದ್ದು ಲಿಥಿಯಮ್ಮಿನಲ್ಲಿ. ಎಳೆ ಮಡಚಿಕೊಳ್ಳದೆ ಇರಬೇಕಾದ ದ್ರಾವಣವದು. ಆದರೆ ಗ್ರಾಫ್ ಪೊಟ್ಯಾಸಿಯಮ್ಮಿನದರ ಹಾಗೇ ಇಳಿಜಾರಾಗಿ ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಎಲ್ಲರೂ ಬರೆದದ್ದು ತಪ್ಪಿರಬಹುದೇ ಎಂಬ ಆಸೆ ಕೂಡ ಹುಟ್ಟಿತು. ಹಾಳೆಗಳನ್ನು ತೆಗೆದುಕೊಂಡು ಹೋದೆ. ಮೇಡಂ ಗ್ರಾಫ್ ನೋಡಲೇ ಇಲ್ಲ.

“ಬಫರ್‌ಗೆ ಪಿಎಚ್ ಸರಿಮಾಡಿದ್ದು ಯಾವುದರಲ್ಲಿ?”

“ಕೆಓಎಚ್, ಮೇಡಂ.”

ಕೆಓಎಚ್ ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಹೇಳಿದ ಕ್ಷಣವೇ ಗೊತ್ತಾಯಿತು. ಬಫರಿನ ಕ್ಯಾಕೋಡಿಲಿಕ್ ಆಮ್ಲಕ್ಕೆ ಲಿಥಿಯಂ ಹೈಡ್ರಾಕ್ಸೈಡ್ ಹಾಕಬೇಕಿತ್ತು. ಕೈಗೆ ಸಿಕ್ಕಿದ ಬಾಟಲಿಯಿಂದ ಹನಿಹನಿಯಾಗಿ ಪೊಟ್ಯಾಸಿಯಂ ಸುರಿದಿದ್ದೆ. ಅವರು ಬೈಯಲಿಲ್ಲ. ಪಿಎಚ್ ಮೀಟರಿನ ಎಲೆಕ್ಟ್ರೋಡ್ ತೋರಿಸಿ, ಅದರೊಳಗೂ ಪೊಟ್ಯಾಸಿಯಂ ಕ್ಲೋರೈಡೇ ಇದೆ, ಸಣ್ಣಗೆ ಸೋರುತ್ತಿರುತ್ತದೆ ಅಂದರು. ದೊಡ್ಡ ಬಾಟಲಿಗೆ ಅದ್ದಬೇಡ, ಸ್ವಲ್ಪ ಬೇರೆ ತೆಗೆದು ಅದರಲ್ಲಿ ಅಳೆ ಅಂದರು. ಇವತ್ತಿಗೂ ನಾನು ಹಾಗೇ ಮಾಡುತ್ತೇನೆ. ನನ್ನ ಹತ್ತಿರ ಕಲಿಯುವ ಹುಡುಗರೂ ಹಾಗೇ ಮಾಡುತ್ತಾರೆ.

2013ರಲ್ಲಿ ಕೇಂಬ್ರಿಡ್ಜಿನಲ್ಲಿ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡ ಮನುಷ್ಯನ ಜೀವಕೋಶದೊಳಗೇ ಈ ನಾಲ್ಕೆಳೆಯ ರಚನೆಗಳನ್ನು ಪ್ರತಿಕಾಯದಿಂದ ಗುರುತಿಸಿ, ಹೊಳೆಯುವ ಚುಕ್ಕಿಗಳಾಗಿ ತೋರಿಸಿತು. ಆ ಚಿತ್ರವನ್ನು ಮೊದಲು ಕಳಿಸಿದ್ದು ಮೇಡಂಗೆ.

ಕೆಓಎಚ್ ತಪ್ಪು ಗೊತ್ತಾದ ಆ ದಿನ ಹೊಸ ಬಫರ್ ಮಾಡಿ ಮತ್ತೆ ಕೂತಾಗ ಸಂಜೆಯಾಗಿತ್ತು. ಈ ಸಲ ಗ್ರಾಫ್ ಬಹುಪಾಲು ಸಪಾಟು. ಮನೆಗೆ ಹೊರಟಿದ್ದ ಮೇಡಂ ಬ್ಯಾಗ್ ಕೆಳಗಿಟ್ಟು, ಅದೇ ಎಳೆಯಿಂದ ಎಣ್ಣೆ ಹಾಕದೆ ಇನ್ನೊಂದು ಕ್ಯುವೆಟ್ ತುಂಬಲು ಹೇಳಿದರು. 295ಕ್ಕೆ ನಿಲ್ಲಿಸಿ, ಪೈಪೆಟ್ಟಿನಿಂದ ಒಂದು ತೊಟ್ಟು ಪೊಟ್ಯಾಸಿಯಂ ಕ್ಲೋರೈಡ್ ಬಿಟ್ಟು ಕಲಕಿದರು. ಇಬ್ಬರೂ ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತ ನಿಂತೆವು. ಮೊದಲು ಮೂರನೇ ದಶಮಾಂಶ ಕದಲಿತು, ಆಮೇಲೆ ಎರಡನೆಯದು ಏರತೊಡಗಿತು.

“ಮಡಚ್ಕೋತಾ ಇದೆ ನೋಡು” ಅಂದರು ಮೇಡಂ.